ಬಾತುಕೋಳಿಗಳ ದಾರಿಯಲ್ಲಿ ಆರು ದಿನ

ಸಾಗರದ ನಮ್ಮ ಮನೆಯ ಜಗಲಿಯಲ್ಲಿ ಒಂದು ಮರದ ಕಪಾಟಿದೆ. ಕೇರಿಯ ಮಕ್ಕಳು ಸಂಜೆ ಬಂದು ಅದರಿಂದ ಪುಸ್ತಕ ತೆಗೆದುಕೊಂಡು ಅಲ್ಲೇ ಚಾಪೆ ಮೇಲೆ ಕೂತು ಓದುತ್ತಾರೆ. ಪ್ರಾಥಮಿಕ ಶಾಲೆಯಿಂದ ನಿವೃತ್ತಿಯಾದ ಮೇಲೆ ನನ್ನ ಸಂಜೆಗಳು ಹೀಗೇ ಕಳೆಯುತ್ತವೆ. ಆ ಕಪಾಟಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಹರಿದಿರುವ, ಜಾಸ್ತಿ ಸಲ ಟೇಪು ಹಚ್ಚಿರುವ ಪುಸ್ತಕ ಒಂದಿದೆ. ಬಾಸ್ಟನ್ನಿನಲ್ಲಿರುವ ಮಗಳು ತಂದುಕೊಟ್ಟ ಬಾತುಕೋಳಿ ಪುಸ್ತಕ. ಚಿತ್ರಗಳೆಲ್ಲ ಒಂದೇ ಕಂದು ಬಣ್ಣದವು. ಇಂಗ್ಲಿಷ್ ಬಾರದ ಮಕ್ಕಳೂ ಬರೀ ಚಿತ್ರ ನೋಡಿ ಇಡೀ ಕಥೆ ಹೇಳುತ್ತಾರೆ. ಅದರ ಮುಖಪುಟದ ಮೇಲೆ ದುಂಡಗೆ, ಬಂಗಾರದ ಬಣ್ಣದ ಒಂದು ಮುದ್ರೆ ಇದೆ. "ಟೀಚರ್, ಇದು ಯಾವ ದೇಶದ ದುಡ್ಡು?" ಅಂತ ಕೇಳದ ಮಗುವೇ ಇಲ್ಲ.

2023ರ ಆಗಸ್ಟ್‌ನಲ್ಲಿ ಮಗಳ ಮನೆಗೆ ಹೋಗಿದ್ದೆ. "ಅಮ್ಮಾ, ನಯಾಗರ ನೋಡ್ತೀಯಾ?" ಅಂದಳು. ನನಗೆ ಬಾತುಕೋಳಿ ನೋಡಬೇಕಿತ್ತು. ಅಳಿಯಂದಿರು ರಜೆ ಹಾಕಿದರು. ಆರು ವರ್ಷದ ಮೊಮ್ಮಗಳು ಪುಟ್ಟಿ ತನ್ನ ಪುಸ್ತಕದ ಚೀಲ ತಾನೇ ತುಂಬಿಕೊಂಡಳು. ನಾವು ನಾಲ್ಕು ಜನ ಹೊರಟೆವು.

ಮೊದಲ ದಿನ: ಬಾಸ್ಟನ್

ಊರ ನಡುವೆ ಪಬ್ಲಿಕ್ ಗಾರ್ಡನ್ ಅನ್ನುವ ದೊಡ್ಡ ತೋಟವಿದೆ. ಬಾಗಿಲು ದಾಟಿ ನಾಲ್ಕು ಹೆಜ್ಜೆ ಇಟ್ಟರೆ ನೆಲದ ಮೇಲೆ ಸಾಲಾಗಿ ಕಂಚಿನ ಬಾತುಕೋಳಿಗಳು. ಮುಂದೆ ಅಮ್ಮ, ಹಿಂದೆ ಎಂಟು ಮರಿ. ನ್ಯಾನ್ಸಿ ಶೋನ್ ಅನ್ನುವ ಶಿಲ್ಪಿ ಮಾಡಿದ್ದು, 1987ರಲ್ಲಿ ಇಲ್ಲಿ ನಿಲ್ಲಿಸಿದ್ದು. ಮಕ್ಕಳು ಹತ್ತಿ ಕೂರಲಿ, ಸವರಲಿ ಅಂತಲೇ ಇಷ್ಟು ತಗ್ಗಿನಲ್ಲಿ ಇಟ್ಟ ಹಾಗಿದೆ. ಮೈಯೆಲ್ಲ ಕಪ್ಪಿಟ್ಟಿದ್ದರೂ ತಲೆ, ಕೊಕ್ಕು, ಬೆನ್ನು ಮಾತ್ರ ದೇವಸ್ಥಾನದ ಗಂಟೆಯ ನಾಲಿಗೆಯ ಹಾಗೆ ಮಿರಮಿರ ಹೊಳೆಯುತ್ತವೆ. ಎಷ್ಟು ಕೈ ಆಡಿರಬೇಕು!

ಮರಿಗಳ ಹೆಸರು ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲೇ ಬರುತ್ತವೆ. ಜ್ಯಾಕ್, ಕ್ಯಾಕ್, ಲ್ಯಾಕ್, ಮ್ಯಾಕ್ ಅಂತ ಶುರುವಾಗಿ ಕ್ವ್ಯಾಕ್ ತನಕ. ಪುಟ್ಟಿ ಒಂದೊಂದರ ತಲೆ ಮುಟ್ಟಿ ಹೆಸರು ಹೇಳಿದಳು. ಆಮೇಲೆ ನನಗೋಸ್ಕರ ಅಂತ ಇನ್ನೊಂದು ಸುತ್ತು: ಕ್ಯಾಕ್, ಖ್ಯಾಕ್, ಗ್ಯಾಕ್, ಘ್ಯಾಕ್. "ಅಜ್ಜಿ, ನಿಮ್ಮೂರಿನ ಮಕ್ಕಳು ಹೀಗೆ ಕರೀಬಹುದು" ಅಂದಳು.

ಪುಸ್ತಕ ಬರೆದು ಚಿತ್ರ ಹಾಕಿದವರು ರಾಬರ್ಟ್ ಮೆಕ್ಲಾಸ್ಕಿ. ಹೆಸರು 'ಮೇಕ್ ವೇ ಫಾರ್ ಡಕ್ಲಿಂಗ್ಸ್'. ಬಂದದ್ದು 1941ರಲ್ಲಿ. ಕಥೆ ಚಿಕ್ಕದು. ಒಂದು ಜೋಡಿ ಬಾತುಕೋಳಿ ಗೂಡಿಗೆ ಜಾಗ ಹುಡುಕುತ್ತವೆ. ನದಿ ಬದಿಯಲ್ಲಿ ಮರಿಯಾಗುತ್ತವೆ. ಅಮ್ಮ ಎಂಟು ಮರಿಗಳನ್ನು ಕಟ್ಟಿಕೊಂಡು ರಸ್ತೆ ದಾಟಿ ಈ ತೋಟದ ಕೊಳಕ್ಕೆ ಬರುತ್ತಾಳೆ. ಮೈಕಲ್ ಅನ್ನುವ ಪೊಲೀಸಪ್ಪ ವಾಹನ ನಿಲ್ಲಿಸಿ ದಾರಿ ಬಿಡಿಸುತ್ತಾನೆ. ಅಷ್ಟೇ.

ಇಷ್ಟು ಸಣ್ಣ ಕಥೆಗೆ ಆ ಮನುಷ್ಯ ಪಟ್ಟ ಪಾಡು ಕೇಳಿ. ಬಾತುಕೋಳಿ ಬರೆಯಬೇಕು ಅಂದಾಗ ತನಗೆ ಅದರ ಬಗ್ಗೆ ಏನೂ ಗೊತ್ತಿಲ್ಲ ಅಂತ ಅವರಿಗೆ ಅನಿಸಿತು. ಮೊದಲು ಸಂಗ್ರಹಾಲಯಕ್ಕೆ ಹೋಗಿ ಸತ್ತ ಹಕ್ಕಿಗಳನ್ನು ನೋಡಿದರು. ಪಕ್ಷಿತಜ್ಞರ ಹತ್ತಿರ ರೆಕ್ಕೆಯ ಲೆಕ್ಕ ಕೇಳಿದರು. ಸಾಲಲಿಲ್ಲ. ಕೊನೆಗೆ ನ್ಯೂಯಾರ್ಕಿನ ಸಂತೆಯಿಂದ ಜೀವಂತ ಬಾತುಕೋಳಿಗಳನ್ನೇ ಕೊಂಡು ತಮ್ಮ ಬಾಡಿಗೆ ಮನೆಗೆ ತಂದರು. ಅವು ಮನೆಯೆಲ್ಲ ಓಡಾಡುತ್ತಿದ್ದರೆ ಇವರು ಕಾಗದ, ಪೆನ್ಸಿಲ್ ಹಿಡಿದು ಅಂಬೆಗಾಲಿಕ್ಕಿ ಹಿಂದೆ ಹಿಂದೆ. ಕೈಗೆ ಸಿಗದಷ್ಟು ಚುರುಕಾಗಿ ಓಡಿದಾಗ ಸ್ವಲ್ಪ ಕೆಂಪು ವೈನ್ ಕುಡಿಸಿ ನಿಧಾನ ಮಾಡಿದರಂತೆ. ಈಜುವುದು ನೋಡಬೇಕು ಅಂತ ಸ್ನಾನದ ತೊಟ್ಟಿಗೆ ನೀರು ತುಂಬಿ ಬಿಟ್ಟರು. ಅದೇ ಮನೆಯಲ್ಲಿ ಜೊತೆಗಿದ್ದ ಗೆಳೆಯ ಮಾರ್ಕ್ ಸಿಮಾಂಟ್ ಇದನ್ನೆಲ್ಲ ಸಹಿಸಿಕೊಂಡರು. ಅವರೂ ಚಿತ್ರಕಾರರೇ. ಈ ಪುಸ್ತಕದ ಮುಖಪುಟದ ಮುದ್ರೆ ಯಾವ ಪದಕದ್ದೋ, ಅದೇ ಪದಕ 1957ರಲ್ಲಿ ಅವರಿಗೂ ಬಂತು.

ಇನ್ನು ಆ ಬಂಗಾರದ ನಾಣ್ಯ. ಅದರ ಹೆಸರು ಕಾಲ್ಡೆಕಾಟ್ ಪದಕ. ಅಮೆರಿಕದ ಗ್ರಂಥಪಾಲಕರ ಸಂಘ 1938ರಿಂದ ಕೊಡುತ್ತಾ ಬಂದಿದೆ. ಹಿಂದಿನ ವರ್ಷ ಬಂದ ಚಿತ್ರಪುಸ್ತಕಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದಕ್ಕೆ ಪದಕ. ಅದು ಹೋಗುವುದು ಕಥೆ ಬರೆದವರಿಗಲ್ಲ, ಚಿತ್ರ ಬರೆದವರಿಗೆ. ಇದು ನನಗೆ ಬಹಳ ಹಿಡಿಸಿತು. ನಮ್ಮ ಎಷ್ಟೋ ಮಕ್ಕಳ ಪುಸ್ತಕಗಳಲ್ಲಿ ಚಿತ್ರ ಬರೆದವರ ಹೆಸರು ಹುಡುಕಲು ಕನ್ನಡಕ ಬೇಕು. ರಾಂಡಾಲ್ಫ್ ಕಾಲ್ಡೆಕಾಟ್ ಅನ್ನುವವರು ಇಂಗ್ಲೆಂಡಿನವರು, ಮೊದಲು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದರು. 1878ರಿಂದ ಕ್ರಿಸ್‌ಮಸ್‌ಗೆ ಎರಡರಂತೆ ಮಕ್ಕಳಿಗೆ ಚಿತ್ರಪುಸ್ತಕ ಮಾಡಿದರು. ಆರೋಗ್ಯ ಕೆಟ್ಟಿತ್ತು, ಬಿಸಿಲಿನ ಊರು ಅಂತ ಫ್ಲಾರಿಡಾಕ್ಕೆ ಬಂದು 1886ರಲ್ಲಿ ಅಲ್ಲೇ ತೀರಿಕೊಂಡರು. ಆಗ ಅವರಿಗೆ ಬರೀ 39. ಪದಕದ ಮೇಲಿರುವುದು ಅವರೇ ಬರೆದ ಚಿತ್ರ. ಓಡುವ ಕುದುರೆ, ಅದರ ಮೇಲೆ ಹಿಡಿತ ತಪ್ಪಿ ಜೋತುಬಿದ್ದ ಜಾನ್ ಗಿಲ್ಪಿನ್. ಸಾಗರದ ಮಕ್ಕಳಿಗೆ ಈಗ ಉತ್ತರ ಸಿಕ್ಕಿತು.

ಮಧ್ಯಾಹ್ನ ಹಂಸದ ದೋಣಿ ಹತ್ತಿದೆವು. 1877ರಿಂದ ಈ ಕೊಳದಲ್ಲಿ ಓಡುತ್ತಿರುವ ದೋಣಿಗಳು. ಹಿಂದೆ ದೊಡ್ಡ ಬಿಳಿ ಹಂಸ, ಅದರೊಳಗೆ ಕೂತವರು ಸೈಕಲ್ಲಿನ ಹಾಗೆ ಪೆಡಲು ತುಳಿಯುತ್ತಾರೆ. ಪುಸ್ತಕದಲ್ಲಿರುವುದೂ ಇದೇ ದೋಣಿ, ಇದೇ ಸಣ್ಣ ದ್ವೀಪ. ಅಲ್ಲಿಂದ ಬಾತುಕೋಳಿಗಳ ದಾರಿಯನ್ನು ಹಿಂದುಮುಂದಾಗಿ ನಡೆದೆವು. ಬೀಕನ್ ರಸ್ತೆ, ಚಾರ್ಲ್ಸ್ ರಸ್ತೆ, ಆಮೇಲೆ ನದಿ. ಚಾರ್ಲ್ಸ್ ರಸ್ತೆಯ ಮೂಲೆಯಲ್ಲಿ ಪುಟ್ಟಿ ಪುಸ್ತಕ ಬಿಚ್ಚಿ, ಕುಕ್ಕರುಗಾಲಲ್ಲಿ ಕೂತು ನೋಡಿದಳು. ನಾನೂ ಮೊಣಕಾಲು ನೋವು ಮರೆತು ಕೂತೆ. ಅಲ್ಲಿಂದ ನೋಡಿದರೆ ಕಾರಿನ ಚಕ್ರ ಬೆಟ್ಟದಷ್ಟು ದೊಡ್ಡದು. ಪುಸ್ತಕದಲ್ಲಿ ಚಕ್ರ ಹೀಗೇ ಇದೆ. ಬಾತುಕೋಳಿಯ ಕಣ್ಣಿನ ಎತ್ತರಕ್ಕೆ ಇಳಿದು ನೋಡಿ ಬರೆದದ್ದು ಅದು.

ಎರಡನೇ ದಿನ: ಗ್ಲಾಸ್ಟರ್

ಬಾಸ್ಟನ್ನಿನಿಂದ ಉತ್ತರಕ್ಕೆ ಸುಮಾರು ಒಂದು ಗಂಟೆ. ಮೀನುಗಾರರ ಹಳೇ ಊರು. ಬಂದರಿನ ವಾಸನೆ ಹೊನ್ನಾವರದ ನೆನಪು ತಂದಿತು. ಇಲ್ಲಿ ಕೇಪ್ ಆ್ಯನ್ ಮ್ಯೂಸಿಯಂ ಅಂತ ಒಂದು ಸಂಗ್ರಹಾಲಯ. ಊರಿನ ಹೊರಗೆ ಫಾಲಿ ಕೋವ್ ಅನ್ನುವ ಕಡಲ ಕೊರಕಲಿನ ಹತ್ತಿರ ವರ್ಜೀನಿಯಾ ಲೀ ಬರ್ಟನ್ ಇದ್ದರು. 'ದಿ ಲಿಟ್ಲ್ ಹೌಸ್' ಮಾಡಿದವರು. ಅದಕ್ಕೆ 1943ರ ಪದಕ ಬಂತು.

ಈ ಪುಸ್ತಕದ ಬಗ್ಗೆ ನಾನು ಸ್ವಲ್ಪ ಜಾಸ್ತಿ ಹೇಳಲೇಬೇಕು.

ಒಂದು ಗುಡ್ಡ, ಅದರ ಮೇಲೆ ಒಂದು ಪುಟ್ಟ ಮನೆ. ಎರಡು ಕಿಟಕಿ ಕಣ್ಣಿನ ಹಾಗೆ, ಬಾಗಿಲು ಮೂಗಿನ ಹಾಗೆ, ಮೆಟ್ಟಿಲು ನಗುವ ಬಾಯಿಯ ಹಾಗೆ. ಪುಟ ತಿರುವಿದಂತೆ ಮನೆ ಇದ್ದಲ್ಲೇ ಇರುತ್ತದೆ. ಸುತ್ತಲಿನ ಲೋಕ ಮಾತ್ರ ಬದಲಾಗುತ್ತದೆ. ವಸಂತ, ಬೇಸಿಗೆ, ಎಲೆ ಉದುರುವ ಕಾಲ, ಹಿಮ. ಆಮೇಲೆ ಡಾಂಬರು ರಸ್ತೆ, ಸಾಲು ಮನೆ, ಟ್ರಾಮ್, ಆಕಾಶ ಮುಚ್ಚುವ ಕಟ್ಟಡ. ಸೂರ್ಯ ಹುಟ್ಟಿ ಮುಳುಗುವ ದಾರಿಯನ್ನು ಒಂದು ಪುಟದಲ್ಲಿ ಕಮಾನಿನಂತೆ ಬರೆದಿದ್ದಾರೆ. ಇನ್ನೊಂದರಲ್ಲಿ ತಿಂಗಳಿಡೀ ಚಂದ್ರ ಬೆಳೆದು ಸವೆಯುವುದನ್ನು ಪಂಚಾಂಗದ ಹಾಗೆ ಮನೆಮನೆ ಮಾಡಿ ತೋರಿಸಿದ್ದಾರೆ. ಅಕ್ಷರಗಳ ಸಾಲೂ ಚಿತ್ರದ ಜೊತೆ ಬಳಕುತ್ತದೆ. ಚಿತ್ರಕ್ಕೆ ಹೊಂದದ ಮಾತನ್ನು ಅವರು ಬದಲಾಯಿಸಿಬಿಡುತ್ತಿದ್ದರು. ಕೊನೆಗೆ ಆ ಮನೆಯನ್ನು ಬುಡಸಮೇತ ಎತ್ತಿ, ಗಾಲಿಯ ಮೇಲಿಟ್ಟು, ಹಳ್ಳಿಗೆ ಸಾಗಿಸುತ್ತಾರೆ. ಬರ್ಟನ್ ಮತ್ತು ಅವರ ಗಂಡ, ಶಿಲ್ಪಿ ಜಾರ್ಜ್ ಡೆಮೆಟ್ರಿಯಸ್, ತಮ್ಮ ಸ್ವಂತ ಮನೆಯನ್ನು ನಿಜವಾಗಿಯೂ ರಸ್ತೆ ಬದಿಯಿಂದ ಹಿಂದಕ್ಕೆ ಸರಿಸಿ, ಸೇಬಿನ ಮರಗಳ ನಡುವೆ ತಂದು ಕೂರಿಸಿದ್ದರು. ಕಥೆ ಹುಟ್ಟಿದ್ದು ಅಲ್ಲಿಂದ.

ಆ ಪುಟ ಬಂದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿಯ ಹಿನ್ನೀರಿನಲ್ಲಿ ನನ್ನ ಅಮ್ಮನ ತವರುಮನೆ ಮುಳುಗಿತು. ಆಗ ನಾನು ಪುಟ್ಟಿಯಷ್ಟೇ ಇದ್ದೆ. ಮಾವಂದಿರು ಹೆಂಚು ಇಳಿಸಿ, ಕಂಬ ಕಿತ್ತು, ಬಾಗಿಲವಾಡ ಬಿಚ್ಚಿ ಎತ್ತಿನ ಗಾಡಿಗೆ ಏರಿಸಿದ್ದು ನೆನಪಿದೆ. ಅಜ್ಜಿ ತುಳಸಿಕಟ್ಟೆಯ ಮಣ್ಣನ್ನು ಹಿತ್ತಾಳೆ ಚೊಂಬಿನಲ್ಲಿ ತುಂಬಿಕೊಂಡು ಕೂತಿದ್ದರು. ನಮ್ಮ ಜಗಲಿಗೆ ಬರುವ ಮಕ್ಕಳ ಪೈಕಿ ಮುಳುಗಡೆಯವರ ಮೊಮ್ಮಕ್ಕಳು, ಮರಿಮಕ್ಕಳು ಇದ್ದಾರೆ. ಗ್ಲಾಸ್ಟರಿನ ಒಬ್ಬ ತಾಯಿ ಬರೆದ ಮನೆಯನ್ನು ಅವರು ತಮ್ಮದೇ ಅಂದುಕೊಂಡು ನೋಡುತ್ತಾರೆ. "ಇದು ನಮ್ಮ ಅಜ್ಜನ ಮನೆ ಅಲ್ವಾ?" ಅಂತ ಒಬ್ಬ ಹುಡುಗ ಕೇಳಿದ್ದ.

ಸಂಗ್ರಹಾಲಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಟ್ಟೆಗಳು. ಪಕ್ಕದ ಮನೆಯ ಆಯ್ನೊ ಕ್ಲಾರ್ಕ್ ಅನ್ನುವವರು ಬರ್ಟನ್ ಅವರ ಮಕ್ಕಳಿಗೆ ಪಿಟೀಲು ಹೇಳಿಕೊಡುವುದು, ಬರ್ಟನ್ ಅವರಿಗೆ ವಿನ್ಯಾಸ ಹೇಳಿಕೊಡುವುದು ಅಂತ ಒಪ್ಪಂದವಾಯಿತಂತೆ. ಅದೇ ಬೆಳೆದು ನೆರೆಹೊರೆಯವರ ಒಂದು ಬಳಗವಾಯಿತು. ಹೆಚ್ಚಿನವರು ಹೆಂಗಸರು. ಹೊಲ, ಕಡಲು, ಬೆಕ್ಕು, ಕುರಿ, ಹೀಗೆ ತಮ್ಮ ಕಣ್ಣೆದುರು ಇರುವುದನ್ನೇ ಬರೆಯಬೇಕು. ಬರೆದದ್ದನ್ನು ಲಿನೋಲಿಯಂ ಹಲಗೆಯಲ್ಲಿ ಕೊರೆದು ಅಚ್ಚು ಮಾಡಬೇಕು. ಬಟ್ಟೆಯ ಮೇಲೆ ಅಚ್ಚಿಟ್ಟು, ಅದರ ಮೇಲೆ ಹತ್ತಿ ಕಾಲಿನಿಂದ ತುಳಿದು ಬಣ್ಣ ಒತ್ತುತ್ತಿದ್ದರು. ಒಂದು ಬಟ್ಟೆಯ ತುಂಬ ಕುಣಿಯುವ ಕುರಿಮರಿಗಳು. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದೆ. ಒಂದು ಮರಿಯ ಕಾಲಿನ ಹತ್ತಿರ ಬಣ್ಣ ಕೂದಲೆಳೆಯಷ್ಟು ತಪ್ಪಿದೆ. ತುಳಿದವರ ಭಾರ ಅಲ್ಲಿ ಸ್ವಲ್ಪ ಕಮ್ಮಿ ಬಿದ್ದಿರಬೇಕು.

ನಮ್ಮ ಕಡೆ ದೀವರ ಹೆಂಗಸರು ಮದುವೆಗೆ ಗೋಡೆ ಮೇಲೆ ಹಸೆ ಚಿತ್ತಾರ ಬರೆಯುತ್ತಾರಲ್ಲ, ಅಕ್ಕಿಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಪುಂಡಿ ನಾರಿನ ಕುಂಚ, ಅಲ್ಲೂ ಹೀಗೇ. ಗೆರೆ ನಡುಗಿದ ಜಾಗ ನೋಡಿದರೆ ಬರೆದವರು ಯಾರು ಅಂತ ಊರಿನವರಿಗೆ ಗೊತ್ತಾಗುತ್ತದೆ.

ಬರ್ಟನ್ ಅವರ ಮೊದಲ ಪುಸ್ತಕದ ಕಥೆಯನ್ನು ಮಗಳು ಹೇಳಿದಳು. ಒಂದು ಧೂಳಿನ ಕಣದ ಕಥೆ. ಹದಿಮೂರು ಪ್ರಕಾಶಕರು ವಾಪಸ್ ಕಳಿಸಿದರು. ಆಮೇಲೆ ತಮ್ಮ ದೊಡ್ಡ ಮಗನಿಗೇ ಓದಿ ಹೇಳಿದರೆ ಅವನು ಅರ್ಧಕ್ಕೇ ನಿದ್ದೆ ಹೋದ. ಅಂದಿನಿಂದ ಎಲ್ಲವನ್ನೂ ಮೊದಲು ಮಕ್ಕಳಿಗೆ ತೋರಿಸಿಯೇ ಮುಂದಿನ ಹೆಜ್ಜೆ.

ಸಂಜೆಗೆ ಮೇನ್ ರಾಜ್ಯದ ಕಡೆ ಕಾರು ಓಡಿತು. ರಾತ್ರಿ ದಾರಿಯ ಒಂದು ಊರಿನಲ್ಲಿ ಉಳಿದೆವು.

ಮೂರನೇ ದಿನ: ಬ್ಲೂಬೆರ್ರಿ, ಹಲ್ಲು, ಮಂಜು

ಮೆಕ್ಲಾಸ್ಕಿ ಆಮೇಲೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳ ಜೊತೆ ಮೇನ್ ತೀರದ ಒಂದು ಸಣ್ಣ ದ್ವೀಪದಲ್ಲಿ ಇದ್ದರು. ದೊಡ್ಡ ಮಗಳು ಸಾಲ್. 1948ರಲ್ಲಿ ಅವಳನ್ನೇ ಇಟ್ಟುಕೊಂಡು 'ಬ್ಲೂಬೆರ್ರೀಸ್ ಫಾರ್ ಸಾಲ್' ಮಾಡಿದರು. ಅದಕ್ಕೆ ಬೆಳ್ಳಿ ಮುದ್ರೆ. ಅಂದರೆ ಪದಕವಲ್ಲ, ಅದರ ಹತ್ತಿರ ಬಂದ ಪುಸ್ತಕಗಳಿಗೆ ಸಲ್ಲುವ ಗೌರವ. ಈ ಪುಸ್ತಕದಲ್ಲಿ ಕಪ್ಪು ಶಾಯಿ ಇಲ್ಲ. ಚಿತ್ರ, ಅಕ್ಷರ ಎರಡೂ ಬ್ಲೂಬೆರ್ರಿಯದೇ ಗಾಢ ನೀಲಿ.

ಆಗಸ್ಟ್ ಅಲ್ಲಿ ಹಣ್ಣಿನ ಕಾಲ. ಕಾಡು ಬ್ಲೂಬೆರ್ರಿ ಗಿಡ ಪಾದ ಮುಚ್ಚುವಷ್ಟು ತಗ್ಗು. ನಮ್ಮ ಗುಡ್ಡದ ಕೌಳಿಹಣ್ಣಿನ ಹಾಗೆ ಮುಳ್ಳಿಲ್ಲ. ದುಡ್ಡು ಕೊಟ್ಟು ನಾವೇ ಕೊಯ್ದುಕೊಳ್ಳುವ ಒಂದು ಹೊಲಕ್ಕೆ ಹೋದೆವು. ಹಲಗೆಗೆ ಬಾಚಣಿಗೆಯ ಹಲ್ಲು ಕೂರಿಸಿದಂಥ ಡಬ್ಬದಿಂದ ಕೆಲಸಗಾರರು ಗಿಡ ಬಾಚಿ ಬಾಚಿ ಹಣ್ಣು ಎತ್ತುತ್ತಿದ್ದರು. ಬೆನ್ನು ಬಗ್ಗಿಸಿ ಮಾಡುವ ಕಷ್ಟದ ಕೆಲಸ, ನಾಟಿ ಮಾಡುವವರ ಹಾಗೇ. ಪುಟ್ಟಿಗೆ ಕೈಯಿಂದಲೇ ಕೀಳಬೇಕು. ತಗಡಿನ ಪಾತ್ರೆಯೇ ಬೇಕು ಅಂತ ಹಟ ಹಿಡಿದು ಮನೆಯಿಂದ ಸ್ಟೀಲ್ ಲೋಟ ತಂದಿದ್ದಳು. ಪುಸ್ತಕದಲ್ಲಿ ಸಾಲ್ ಹಣ್ಣು ಹಾಕಿದಾಗ ಡಬ್ಬ ಸದ್ದು ಮಾಡುತ್ತದೆ. ತಳ ಮುಚ್ಚಿದ ಮೇಲೆ ಸದ್ದಿಲ್ಲ. ಪುಟ್ಟಿ ಒಂದೊಂದೇ ಹಣ್ಣು ಹಾಕಿ ಕಿವಿಗೊಟ್ಟಳು. ಟಣ್. ಟಿಣ್. ಟಕ್. ಆಮೇಲೆ ಸುಮ್ನೆ. "ಅಜ್ಜಿ, ನಿಜವಾಗ್ಲೂ ನಿಂತೋಯ್ತು!" ಅಂತ ಕೂಗಿದಳು. ಎಲ್ಲ ಹಣ್ಣು ಬಾಯಿಗೆ ಸುರಿದುಕೊಂಡು ಮತ್ತೆ ಮೊದಲಿನಿಂದ ಶುರು.

ಅಲ್ಲಿಂದ ಸೌತ್ ಬ್ರೂಕ್ಸ್‌ವಿಲ್ ಅನ್ನುವ ಹಳ್ಳಿ. ಬಕ್ಸ್ ಹಾರ್ಬರ್ ಬಂದರು, ಕಾಂಡನ್ಸ್ ಗ್ಯಾರೇಜ್. 'ಒನ್ ಮಾರ್ನಿಂಗ್ ಇನ್ ಮೇನ್' ಪುಸ್ತಕದಲ್ಲಿ ಸಾಲ್‌ಗೆ ಹಲ್ಲು ಅಲ್ಲಾಡುತ್ತದೆ. ಸಮುದ್ರದಂಡೆಯಲ್ಲಿ ಅಪ್ಪನ ಜೊತೆ ಚಿಪ್ಪು ಅಗೆಯುವಾಗ ಆ ಹಲ್ಲು ಕೆಸರಿನಲ್ಲಿ ಬಿದ್ದುಹೋಗುತ್ತದೆ. ಆಮೇಲೆ ದೋಣಿಯ ಎಂಜಿನ್ ರಿಪೇರಿಗೆ ಅಪ್ಪ, ಮಕ್ಕಳು ಈ ಗ್ಯಾರೇಜಿಗೆ ಬರುತ್ತಾರೆ. ನಮ್ಮ ಪುಟ್ಟಿಗೂ ಮುಂದಿನ ಹಲ್ಲು ಒಂದು ವಾರದಿಂದ ಅಲ್ಲಾಡುತ್ತಿತ್ತು. ಬಂದರಿನಲ್ಲಿ ಬಾಗಿ ನೀರು ನೋಡುವಾಗ ಬಾಯಿ ಮೇಲೆ ಎರಡೂ ಕೈ. "ಸಾಲ್ ಥರ ನಂದೂ ಬಿದ್ದೋದ್ರೆ?" ಬೀಳಲಿಲ್ಲ. ನಮ್ಮ ಕಡೆ ಬಿದ್ದ ಹಲ್ಲನ್ನು ಸಗಣಿ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುತ್ತೇವೆ ಅಂತ ಹೇಳಿದೆ. ಬಿದ್ದರೆ ಅದನ್ನು ನಾನೇ ಊರಿಗೆ ಒಯ್ದು ಎಸೆಯಬೇಕು ಅಂತ ಅಲ್ಲೇ ಮಾತು ತೆಗೆದುಕೊಂಡಳು.

ಸಂಜೆ ಡಿಯರ್ ಐಲ್ ದ್ವೀಪಕ್ಕೆ ಹೋಗುವ ತೂಗುಸೇತುವೆ ಹತ್ತಿರ ಬಂದಾಗ ಮಂಜು ಇಳಿಯಿತು. ಹತ್ತು ನಿಮಿಷದಲ್ಲಿ ಸೇತುವೆಯ ಆಚೆ ತುದಿ ಇಲ್ಲ. ಕಂಬ ಇಲ್ಲ. ನಮ್ಮ ಕಾರಿನ ಮೂತಿ ಕಷ್ಟಪಟ್ಟು ಕಾಣುತ್ತಿತ್ತು. ಅಳಿಯಂದಿರು ಬದಿಗೆ ನಿಲ್ಲಿಸಿದರು. ಮಗಳು ದೀಪ ಹಾಕಿ 'ಟೈಮ್ ಆಫ್ ವಂಡರ್' ಓದಿದಳು. ಮೆಕ್ಲಾಸ್ಕಿಯವರ ಮೊದಲ ಬಣ್ಣದ ಪುಸ್ತಕ. 1958ರಲ್ಲಿ ಇದಕ್ಕೂ ಪದಕ ಬಂದು, ಎರಡು ಸಲ ಪದಕ ಪಡೆದ ಮೊದಲಿಗರಾದರು. ಇದೇ ತೀರ, ಇದೇ ದ್ವೀಪಗಳು, ಇದೇ ಮಂಜು, ಜೊತೆಗೆ ಒಂದು ದೊಡ್ಡ ಬಿರುಗಾಳಿ. ಇಡೀ ಪುಸ್ತಕ ಓದುವ ಮಗುವನ್ನು 'ನೀನು' ಅಂತಲೇ ಕರೆದು ಮಾತಾಡುತ್ತದೆ. ಮಂಜಿನ ಪುಟದಲ್ಲಿ ಬಣ್ಣ ಎಲ್ಲೂ ಅಂಚು ಕಟ್ಟಿಲ್ಲ, ಒದ್ದೆ ಕಾಗದದಲ್ಲಿ ಹರಡಿದ ಹಾಗಿದೆ. ಪುಸ್ತಕದಿಂದ ಕಣ್ಣೆತ್ತಿ ಗಾಜಿನಾಚೆ ನೋಡಿದರೆ ಅಲ್ಲೂ ಅದೇ ಪುಟ.

ನಾಲ್ಕನೇ ದಿನ: ಐಲ್ಸ್‌ಫರ್ಡ್

ನನ್ನ ಪಟ್ಟಿಯಲ್ಲಿ ಆ್ಯಶ್ಲಿ ಬ್ರಯಾನ್ ಇರಲಿಲ್ಲ, ಮಗಳು ಸೇರಿಸಿದ್ದು. ಈಗ ಅವರನ್ನು ಬಿಟ್ಟು ಈ ಪ್ರವಾಸ ನೆನೆಯಲು ಆಗುವುದಿಲ್ಲ.

ಕಪ್ಪು ಜನಾಂಗದವರು, 1923ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವರು. ಹೈಸ್ಕೂಲು ಮುಗಿಸಿ ಕಲಾಶಾಲೆಗೆ ಚಿತ್ರಗಳ ಕಟ್ಟು ಕಳಿಸಿದರು. ಬಂದದ್ದರಲ್ಲೆಲ್ಲ ಇದೇ ಒಳ್ಳೆಯದು, ಆದರೆ ಕಪ್ಪು ಹುಡುಗನಿಗೆ ವಿದ್ಯಾರ್ಥಿವೇತನ ಕೊಟ್ಟರೆ ವ್ಯರ್ಥ ಅಂದರಂತೆ. ಇನ್ನೊಂದು ಕಲಾಶಾಲೆ, ಕೂಪರ್ ಯೂನಿಯನ್, ಅರ್ಜಿದಾರರ ಮುಖ ನೋಡದೆ ಕೆಲಸ ಮಾತ್ರ ನೋಡಿ ಸೇರಿಸಿಕೊಳ್ಳುತ್ತಿತ್ತು. ಅಲ್ಲಿ ಸೇರಿದರು. ಎರಡನೇ ಮಹಾಯುದ್ಧಕ್ಕೆ ಎಳೆದೊಯ್ದಾಗ ವಿಷಾನಿಲದ ಮುಖವಾಡದ ಚೀಲದಲ್ಲಿ ಕಾಗದ, ಪೆನ್ಸಿಲ್ ಇಟ್ಟುಕೊಂಡು, ಬಿಡುವು ಸಿಕ್ಕಾಗಲೆಲ್ಲ ಬರೆದರು. ಮಕ್ಕಳ ಪುಸ್ತಕ ಬರುವ ಹೊತ್ತಿಗೆ ಅವರಿಗೆ ನಲವತ್ತರ ಹತ್ತಿರ. ಕೊನೆಗೆ ಲಿಟ್ಲ್ ಕ್ರ್ಯಾನ್‌ಬೆರ್ರಿ ದ್ವೀಪದ ಐಲ್ಸ್‌ಫರ್ಡ್ ಹಳ್ಳಿಯಲ್ಲಿ ನೆಲೆಸಿ, 2022ರಲ್ಲಿ ತೀರಿಕೊಂಡರು.

ಕಾಲ್ಡೆಕಾಟ್ ಪದಕ ಇವರಿಗೆ ಬರಲೇ ಇಲ್ಲ. 1938ರಿಂದ 1975ರವರೆಗೆ ಆ ಪದಕ ಕಪ್ಪು ಚಿತ್ರಕಾರರೊಬ್ಬರಿಗೂ ಸಿಗಲಿಲ್ಲ. 1976ರಲ್ಲಿ ಲಿಯೊ ಡಿಲನ್ ತಮ್ಮ ಹೆಂಡತಿ ಡಯಾನ್ ಜೊತೆ ಪಡೆದದ್ದೇ ಮೊದಲು. ಈ ಅನ್ಯಾಯ ನೋಡಿಯೇ 1969ರಲ್ಲಿ ಕೆಲವು ಗ್ರಂಥಪಾಲಕರು ಕಪ್ಪು ಜನರ ಹಕ್ಕಿಗೆ ಹೋರಾಡಿದ ಕೊರೆಟಾ ಸ್ಕಾಟ್ ಕಿಂಗ್ ಹೆಸರಿನಲ್ಲಿ ಬೇರೆ ಪ್ರಶಸ್ತಿಯನ್ನೇ ಕಟ್ಟಿದರು. ಬ್ರಯಾನ್ ಅವರ 'ಬ್ಯೂಟಿಫುಲ್ ಬ್ಲ್ಯಾಕ್‌ಬರ್ಡ್' 2004ರಲ್ಲಿ ಅದನ್ನು ಪಡೆಯಿತು. ಬಣ್ಣದ ಕಾಗದ ಕತ್ತರಿಸಿ ಅಂಟಿಸಿದ ಚಿತ್ರಗಳು. ಎಲ್ಲ ಬಣ್ಣದ ಹಕ್ಕಿಗಳೂ ಕರಿಹಕ್ಕಿಯ ಹತ್ತಿರ ಬಂದು, ನಮಗೂ ಒಂದಿಷ್ಟು ಕಪ್ಪು ಹಚ್ಚು ಅಂತ ಬೇಡುವ ಆಫ್ರಿಕದ ಕಥೆ. ಮಕ್ಕಳಿಗೆ ಕಪ್ಪು ಮೈಯ ಬಗ್ಗೆ ಯಾರು ಏನು ಆಡಿಕೊಳ್ಳುತ್ತಾರೆ ಅಂತ ಶಾಲೆಯಲ್ಲಿ ಮೂವತ್ತೈದು ವರ್ಷ ಕಂಡವಳು ನಾನು. ಈ ಪುಸ್ತಕದ ಎರಡು ಪ್ರತಿ ಕೊಂಡೆ.

ನಾರ್ತ್‌ಈಸ್ಟ್ ಹಾರ್ಬರಿನಿಂದ ದೋಣಿ. ಮಂಜು ಇನ್ನೂ ಬಿಟ್ಟಿರಲಿಲ್ಲ. ಹೊರಡುವುದೇ ತಡವಾಯಿತು. ಬ್ರಯಾನ್ ಅವರು ಕಡಲು ತಂದು ಹಾಕಿದ ಮೂಳೆ, ಚಿಪ್ಪು, ಬಲೆ, ಮರದ ತುಂಡುಗಳಿಂದ ಮಾಡಿದ ಗೊಂಬೆಗಳು, ಒಡೆದ ಗಾಜಿನ ಚೂರಿನಿಂದ ಕಟ್ಟಿದ ಕಿಟಕಿಗಳು ನೋಡಬೇಕು ಅಂತ ಹೋದ ನಮಗೆ ಬಾಗಿಲು ಹಾಕಿತ್ತು. ವಾಪಸ್ ಹೋಗುವ ದೋಣಿಗೆ ಒಂದೂವರೆ ಗಂಟೆ ಇತ್ತು. ಬೇಜಾರಾಯಿತು, ನಿಜ.

ಕಡಲಂಡೆಗೆ ಹೋಗಿ ಕೂತೆವು. ಮರಳಿಗಿಂತ ಕಲ್ಲೇ ಜಾಸ್ತಿ. ಪುಟ್ಟಿ ಬಗ್ಗಿದಳು. ಅವಳ ಕೈಯಲ್ಲಿ ಒಂದು ಹಸಿರು ಚೂರು. ಯಾವುದೋ ಬಾಟಲಿಯ ಗಾಜು. ಅಲೆ ಉಜ್ಜಿ ಉಜ್ಜಿ ಅಂಚೆಲ್ಲ ದುಂಡಾಗಿ, ಮೈ ಮಬ್ಬಾಗಿ, ಕಲ್ಲುಸಕ್ಕರೆಯ ಹಾಗಿತ್ತು. ಬೆಳಕಿಗೆ ಹಿಡಿದರೆ ಒಳಗೊಳಗೇ ಹೊಳೆಯಿತು. ಅಷ್ಟು ಹೊತ್ತಿಗೆ ಮಂಜು ತೆಳುವಾಗಿ ಬಿಸಿಲು ಬಂದಿತ್ತು. ಒಂದು ಗಂಟೆಯಲ್ಲಿ ಹನ್ನೊಂದು ಚೂರು ಸಿಕ್ಕವು. ಎರಡು ಕಂದು, ಒಂದು ನೀಲಿ, ಉಳಿದವು ಬಿಳಿ, ಹಸಿರು. ಐವತ್ತು ವರ್ಷ ಒಬ್ಬ ಮನುಷ್ಯ ಇದೇ ದಂಡೆಯಲ್ಲಿ ಹೀಗೇ ಬಗ್ಗಿ ಬಗ್ಗಿ ಆರಿಸಿದ ಅನ್ನುವುದು ಮೊಣಕಾಲಿಗೆ, ಬೆನ್ನಿಗೆ ತಿಳಿಯಿತು. ಕಿಟಕಿ ನೋಡಿದ್ದರೆ ಕಣ್ಣಿಗೆ ಮಾತ್ರ ತಿಳಿಯುತ್ತಿತ್ತೇನೋ.

ಐದನೇ ದಿನ: ರಸ್ತೆ

ಇಡೀ ದಿನ ಕಾರು. ಚಿತ್ರಾನ್ನ, ಮಜ್ಜಿಗೆ ಮೆಣಸಿನಕಾಯಿ, ಪುಟ್ಟಿಯ ನಿದ್ದೆ.

ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಮಕ್ಕಳ ಪುಸ್ತಕ ಬರೆದ ಡಾಕ್ಟರ್ ಸೂಸ್ ಅವರ ಸಂಗ್ರಹಾಲಯ ಇದೆ, ಹೋಗೋಣವಾ ಅಂತ ಅಳಿಯಂದಿರು ಕೇಳಿದರು. ಮಗಳು ಒಂದು ವಿಷಯ ಹೇಳಿದಳು. ಅವರ ಆರು ಪುಸ್ತಕಗಳ ಮುದ್ರಣವನ್ನು 2021ರಲ್ಲಿ ನಿಲ್ಲಿಸಲಾಯಿತು. ಅವುಗಳಲ್ಲಿ ಒಂದಕ್ಕೆ, 'ಇಫ್ ಐ ರ‍್ಯಾನ್ ದಿ ಝೂ' ಅನ್ನುವುದಕ್ಕೆ, 1951ರಲ್ಲಿ ಇದೇ ಬೆಳ್ಳಿ ಗೌರವ ಬಂದಿತ್ತು. ಆಫ್ರಿಕದವರನ್ನು, ಏಷ್ಯಾದವರನ್ನು ಮನುಷ್ಯರ ಹಾಗೆ ಬರೆಯದೆ ವಿಕಾರ ಮಾಡಿದ್ದಕ್ಕೆ ಈ ತೀರ್ಮಾನ. ಮಗಳು ಅದು ಸರಿ ಅಂದಳು. ಅಳಿಯಂದಿರು, ಆ ಕಾಲವೇ ಹಾಗಿತ್ತು ಅಂದರು. ನನಗೆ ಮತ್ತೆ ಮತ್ತೆ ನೆನಪಾಗಿದ್ದು ಸ್ನಾನದ ತೊಟ್ಟಿ. ಅದು ಬರೀ ಹತ್ತು ವರ್ಷ ಮೊದಲಿನ ಮಾತು. ಬಾತುಕೋಳಿಯ ಕಾಲು ತಪ್ಪಾಗಬಾರದು ಅಂತ ಒಬ್ಬರು ಅಷ್ಟು ನೋಡಿದರು. ಮನುಷ್ಯರ ಮುಖ ಬರೆಯುವಾಗ ಇನ್ನೊಬ್ಬರು ನೋಡಲೇ ಇಲ್ಲ. ಸ್ಪ್ರಿಂಗ್‌ಫೀಲ್ಡ್‌ಗೆ ನಾವು ಹೋಗಲಿಲ್ಲ.

ಆರನೇ ದಿನ: ಆ್ಯಮ್‌ಹರ್ಸ್ಟ್

ಹಳೇ ಸೇಬಿನ ತೋಟದ ನಡುವೆ ತಗ್ಗಾದ ಬಿಳಿ ಕಟ್ಟಡ. ಎರಿಕ್ ಕಾರ್ಲ್ ಚಿತ್ರಪುಸ್ತಕ ಕಲಾ ಸಂಗ್ರಹಾಲಯ. ಕಾರ್ಲ್ ಮತ್ತು ಅವರ ಹೆಂಡತಿ ಬಾರ್ಬರಾ 2002ರಲ್ಲಿ ಶುರು ಮಾಡಿದ್ದು. ಜಪಾನಿನಲ್ಲಿ ಚಿತ್ರಪುಸ್ತಕಗಳಿಗೆ ಮೀಸಲಾದ ಸಂಗ್ರಹಾಲಯ ನೋಡಿ ಬಂದ ಮೇಲೆ ಹುಟ್ಟಿದ ಆಸೆಯಂತೆ. ಒಳಗೆ ಬೆಳಕು ಕಮ್ಮಿ. ಬೆಳಕು ಬಿದ್ದರೆ ಕಾಗದ, ಬಣ್ಣ ಹಾಳಾಗುತ್ತವಲ್ಲ. ಚಿತ್ರಗಳನ್ನು ತಗ್ಗಾಗಿಯೇ ತೂಗುಹಾಕಿದ್ದಾರೆ. ಪುಟ್ಟಿಯನ್ನು ಎತ್ತಿಕೊಳ್ಳುವ ಕೆಲಸವಿಲ್ಲ.

ತೂತು ಕೊರೆಯುತ್ತಾ ಹೋಗುವ ಆ ಹಸಿರು ಕಂಬಳಿಹುಳವನ್ನು ನೋಡದ ಮಗು ಈಗ ಎಲ್ಲಿದೆ? 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್' ಬಂದದ್ದು 1969ರಲ್ಲಿ. ಕಾಗದಕ್ಕೆ ತೂತು ಹೊಡೆಯುವ ಪಂಚಿಂಗ್ ಯಂತ್ರ ಹಿಡಿದು ಆಡುತ್ತಿದ್ದಾಗ ಹೊಳೆದ ಕಥೆ. ಮೊದಲು ಪುಸ್ತಕದ ಹುಳ ಆಗಿತ್ತು. ಸಂಪಾದಕಿ ಆ್ಯನ್ ಬೆನೆಡ್ಯೂಸ್ ಕಂಬಳಿಹುಳ ಆದರೆ ಹೇಗೆ ಅಂದರು, ಕಾರ್ಲ್ ಚಿಟ್ಟೆ ಅಂದರು, ಕಥೆ ಮುಗಿಯಿತು. ಅಳತೆ ಬೇರೆ ಬೇರೆ ಇರುವ, ತೂತು ಬಿದ್ದ ಹಾಳೆಗಳನ್ನು ಕಮ್ಮಿ ಖರ್ಚಿನಲ್ಲಿ ಮಾಡಲು ಅಮೆರಿಕದಲ್ಲಿ ಯಾರೂ ಒಪ್ಪದೆ ಮೊದಲ ಮುದ್ರಣ ಜಪಾನಿನಲ್ಲಿ ಆಯಿತು. ಈ ಪುಸ್ತಕಕ್ಕೂ ಕಾಲ್ಡೆಕಾಟ್ ಪದಕ ಬರಲಿಲ್ಲ. ಕಾರ್ಲ್‌ಗೆ ಅದು ಯಾವ ಪುಸ್ತಕಕ್ಕೂ ಬರಲಿಲ್ಲ. ಜೀವಮಾನದ ಕೆಲಸಕ್ಕೆ ಬೇರೊಂದು ಪದಕವನ್ನು ಅದೇ ಗ್ರಂಥಪಾಲಕರು 2003ರಲ್ಲಿ ಕೊಟ್ಟರು. ನನಗೆ ಇದು ಆಶ್ಚರ್ಯದ ಸಂಗತಿ. ಆದರೆ ಪುಟ್ಟಿ ಮುದ್ರೆ ನೋಡಿ ಪುಸ್ತಕ ಎತ್ತಿಕೊಂಡದ್ದನ್ನು ಈ ಆರು ದಿನದಲ್ಲಿ ಒಂದು ಸಲವೂ ಕಂಡಿಲ್ಲ.

ಅಚ್ಚಾದ ಪುಟದಲ್ಲಿ ಕಾಣದ ಎಷ್ಟೋ ಸಂಗತಿ ಮೂಲ ಚಿತ್ರದಲ್ಲಿ ಕಾಣುತ್ತವೆ. ಕಾರ್ಲ್ ತೆಳುವಾದ ಟಿಶ್ಯೂ ಕಾಗದಕ್ಕೆ ತಾವೇ ಬಣ್ಣ ಹಚ್ಚುತ್ತಿದ್ದರು. ಕುಂಚ, ಬೆರಳು, ಸ್ಪಂಜು, ಏನು ಸಿಕ್ಕರೆ ಅದು. ಒಣಗಿದ ಹಾಳೆಗಳನ್ನು ಬಣ್ಣದ ಪ್ರಕಾರ ಡ್ರಾಯರುಗಳಲ್ಲಿ ಇಟ್ಟುಕೊಂಡು, ಬೇಕಾದಾಗ ಕತ್ತರಿಸಿ, ಗೋಡೆಗೆ ಕಾಗದ ಅಂಟಿಸುವ ಅಂಟಿನಿಂದ ಹಚ್ಚುತ್ತಿದ್ದರು. ಹತ್ತಿರದಿಂದ ನೋಡಿದರೆ ಒಂದು ಹಸಿರು ತುಂಡಿನ ಮೇಲೆ ಇನ್ನೊಂದು ಏರಿದ ಕಡೆ ಬಣ್ಣ ಒಂದು ಪಟ್ಟು ಕಡು. ಅಂಟು ಒಣಗುವಾಗ ಕಾಗದ ಸುಕ್ಕಾದ ಸಣ್ಣ ಗೆರೆ. ಒಂದು ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಗೇ ಉಳಿದಿತ್ತು. ಪುಟ್ಟಿ ಅದನ್ನು ಕಂಡು ಪಿಸುಮಾತಿನಲ್ಲಿ, "ಅಜ್ಜಿ, ಇವ್ರು ಅಳಿಸೋಕೆ ಮರ್ತಿದಾರೆ" ಅಂದಳು.

ಕಲಾಕೋಣೆಯಲ್ಲಿ ಮಕ್ಕಳಿಗೆ ಕಾಗದ, ಕತ್ತರಿ, ಅಂಟು ಇಟ್ಟಿದ್ದರು. ಪುಟ್ಟಿ ನೀಲಿ ಕಾಗದ ಸಣ್ಣ ಸಣ್ಣದಾಗಿ ಹರಿದು ಗುಡ್ಡೆ ಹಾಕಿದಳು. ಬ್ಲೂಬೆರ್ರಿ. ಪಕ್ಕದಲ್ಲಿ ಬೂದುಬಣ್ಣದ ಒಂದು ಲೋಟ.

ಹೊರಗೆ ಹುಲ್ಲುಗಾವಲು. ಅಲ್ಲಿ ಕೂತು ಬುತ್ತಿ ಬಿಚ್ಚಿದಾಗ ಕಾರ್ಲ್ ಅವರ ಬಾಲ್ಯದ ಕಥೆ ಪುಟ್ಟಿಗೆ ಹೇಳಿದೆ. ಹುಟ್ಟಿದ್ದು 1929ರಲ್ಲಿ, ಅಮೆರಿಕದಲ್ಲಿ. ಆರು ವರ್ಷದವರಿದ್ದಾಗ ಮನೆಯವರು ಜರ್ಮನಿಗೆ ವಾಪಸ್ ಹೋದರು. ಯುದ್ಧ ಬಂತು. ಅಪ್ಪ ಸೈನ್ಯಕ್ಕೆ, ಆಮೇಲೆ ರಷ್ಯನ್ನರ ಸೆರೆಗೆ. ಅದಕ್ಕೆ ಮೊದಲು ಆ ಅಪ್ಪ ಮಗನ ಕೈ ಹಿಡಿದು ಕಾಡು, ಹೊಲ ತಿರುಗುತ್ತಿದ್ದರು. ಕಲ್ಲೊಂದನ್ನು ಎತ್ತಿ ಅಡಿಯಲ್ಲಿರುವ ಹುಳ ತೋರಿಸುತ್ತಿದ್ದರು. ಅದು ಏನು ತಿನ್ನುತ್ತದೆ, ಹೇಗೆ ಬದುಕುತ್ತದೆ ಅಂತ ಹೇಳಿ, ಆಮೇಲೆ ಅದನ್ನು ಜೋಪಾನವಾಗಿ ಅದರ ಮನೆಗೆ ಬಿಡುತ್ತಿದ್ದರು.

ಪುಟ್ಟಿ ಕೈಯಲ್ಲಿದ್ದ ಚಪಾತಿ ಸುರುಳಿ ನನ್ನ ಕೈಗೆ ಕೊಟ್ಟು ಎದ್ದಳು. ಮರದ ಬುಡದಲ್ಲಿ ಅಂಗೈ ಅಗಲದ ಒಂದು ಚಪ್ಪಟೆ ಕಲ್ಲಿತ್ತು. ಎರಡೂ ಕೈಯಿಂದ ಒಂದು ಬದಿ ಎತ್ತಿದಳು. ಒದ್ದೆ ಮಣ್ಣು, ಬಿಳೀ ಬೇರು. ಮುಟ್ಟಿದರೆ ಉಂಡೆಯಾಗುವ ಜಾತಿಯ ಬೂದು ಹುಳ ಎರಡು. ಒಂದು ಆಗಲೇ ಸುತ್ತಿಕೊಂಡಿತ್ತು. ಇನ್ನೊಂದು ಗಡಿಬಿಡಿಯಲ್ಲಿ ಓಡಾಡುತ್ತಿತ್ತು. ಪುಟ್ಟಿ ಉಸಿರು ಬಿಗಿಹಿಡಿದು ಕಾಲು ಎಣಿಸಲು ನೋಡಿದಳು. ಏಳರ ತನಕ ಬಂದು ಲೆಕ್ಕ ತಪ್ಪಿತು. ಮತ್ತೆ ಒಂದರಿಂದ.

"ಪುಟ್ಟಿ, ಹೊತ್ತಾಯ್ತು, ಬಾ" ಅಂತ ಮಗಳು ಕರೆದಳು.

"ಅಮ್ಮಾ, ತಡಿ. ಇದು ಇನ್ನೂ ಬಿಚ್ಕೊಂಡಿಲ್ಲ."

ಉಂಡೆ ನಿಧಾನಕ್ಕೆ ಬಿಚ್ಚಿಕೊಂಡಿತು. ಅದು ಕಲ್ಲಿನ ಅಂಚಿನಿಂದ ಒಳಗೆ ಸರಿಯುವ ತನಕ ಕಾದು, ಪುಟ್ಟಿ ಕಲ್ಲನ್ನು ಮೊದಲಿದ್ದ ಕುಳಿಗೇ ಕೂರುವ ಹಾಗೆ ಮೆಲ್ಲಗೆ ಇಳಿಸಿದಳು.